ತಡೆದರೂ ಬರುವ ಮೂರನೇ ಪಿಸಿ

ಕೊನೆಗೂ ಹಿಡಿದೆ ಮಾರಾಯ್ರೆ. ಫೈಲ್‌ಗಳಿಗೆ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ತಡೆಯಲು ನಾನೇ ಕಟ್ಟಿದ ಕಾವಲಿನ ಪರೀಕ್ಷೆ ಇದು. 2000 ಫೈಲಿನಲ್ಲಿ ಹಾಳಾದದ್ದು 31. ಹೋದ ವಾರ ಇದೇ ಪರೀಕ್ಷೆಯಲ್ಲಿ 2000ವೂ ಹೋಗಿದ್ದವು. ಅದೂ ನನ್ನ ಫೋನಿಗೆ ‘ದಾಳಿ ತಡೆಯಲಾಗಿದೆ’ ಎಂದು ಮೆಸೇಜ್ ಬಂದ ಮೇಲೆ!

ಉಡುಪಿಯಲ್ಲಿ ಅಣ್ಣನ ಡಿಟಿಪಿ ಅಂಗಡಿ. ಮೂರು ವಿಂಡೋಸ್ ಪಿಸಿ, ಮೂಲೆಯಲ್ಲಿ ನನ್ನ ಹಳೇ ಡೆಸ್ಕ್‌ಟಾಪಿನ ಮೇಲೆ ಸಾಂಬಾ ಸರ್ವರ್, ಅಂದರೆ ಮೂರೂ ಪಿಸಿಗೆ ಫೈಲ್ ಹಂಚುವ ತಂತ್ರಾಂಶ. ಒಳಗೆ ಭೂತದ ನೇಮದ ಕರೆಯೋಲೆ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್. ಪರೀಕ್ಷೆಗೆ ನಿಜವಾದ ರ‍್ಯಾನ್ಸಮ್‌ವೇರ್ ಯಾರೂ ತರಬೇಡಿ. ನನ್ನದು ಫೈಲ್ ಓದಿ, ಎಇಎಸ್ ಎಂಬ ಗೂಢಲಿಪಿಯಲ್ಲಿ ಕಲಸಿ, ಹೆಸರು ಬದಲಿಸುವ ಸಣ್ಣ ಪೈಥಾನ್ ಸ್ಕ್ರಿಪ್ಟ್. ಅದು ಓಡುವುದು ಮೂರನೇ ಪಿಸಿಯಿಂದ, ಸರ್ವರ್‌ನ ಬೇರೆಯೇ ಶೇರ್‌ನಲ್ಲಿ (ಹಂಚಿದ ಫೋಲ್ಡರ್), ನಕಲು ಫೈಲ್‌ಗಳ ಮೇಲೆ.

ಪತ್ತೆ ಹಚ್ಚುವ ಭಾಗ ಹೆಚ್ಚು ಸತಾಯಿಸಲಿಲ್ಲ. ಲಿನಕ್ಸ್‌ನಲ್ಲಿ ಫೈಲ್ ಬದಲಾವಣೆ ತಿಳಿಸುವ ಐನೋಟಿಫೈ ಬಿಟ್ಟೆ. ಫೈಲ್ ಬದಲಾಯಿತು ಎನ್ನುತ್ತದೆಯೇ ಹೊರತು ಯಾವ ಪಿಸಿಯಿಂದ ಎಂದು ಅದಕ್ಕೆ ಗೊತ್ತಿಲ್ಲ. ಸಾಂಬಾದ ಫುಲ್ ಆಡಿಟ್ ಮಾಡ್ಯೂಲ್ ಯಾರು ಏನು ಮಾಡಿದರು ಎಂದು ಪಿಸಿಯ ವಿಳಾಸ (ಐಪಿ) ಸಮೇತ ಬರೆದಿಡುತ್ತದೆ. ಫೈಲಿನ ಬೈಟ್‌ಗಳು ಎಷ್ಟು ಕಲಸಿಹೋಗಿವೆ ಎಂದು ಅಳೆಯುವ ಎಂಟ್ರೋಪಿ ಲೆಕ್ಕವೂ ಇಲ್ಲಿ ನಡೆಯಲಿಲ್ಲ. ಜೆಪೆಗ್ ಮೊದಲೇ ಒತ್ತಿಟ್ಟ ಫೈಲ್, ಕೋರೆಲ್‌ಡ್ರಾ ಫೈಲ್ ಕೂಡ ಎಕ್ಸ್4ರಿಂದ ಈಚೆಗೆ ಒಳಗೊಳಗೆ ಜಿಪ್. ಒಳ್ಳೆಯ ಫೈಲೂ ಬೈಟಿಗೆ 8 ಬಿಟ್‌ನ, ಅಂದರೆ ಗರಿಷ್ಠದ, ಹತ್ತಿರ, ಕೆಟ್ಟದ್ದೂ ಹತ್ತಿರ. ಹಾಗಾಗಿ ಫೈಲಿನ ತಲೆಯ, ಅಂದರೆ ಮೊದಲ, ಬೈಟ್‌ಗಳನ್ನು ನೋಡುತ್ತೇನೆ: ಜಿಪ್ ಆದರೆ ‘ಪಿಕೆ’ ಇರಬೇಕು, ಹಳೇ ಕೋರೆಲ್ ಆದರೆ ‘ರಿಫ್’. ತಲೆ ಬಿಟ್ಟು ನಡುವೆ ಮಾತ್ರ ಗೀಚಿದರೆ ಇದೂ ಮೋಸಹೋಗುತ್ತದೆ. 2021ರ ಲಾಕ್‌ಫೈಲ್ ಎಂಬ ರ‍್ಯಾನ್ಸಮ್‌ವೇರ್ 16 ಬೈಟ್ ಗೀಚಿ 16 ಬೈಟ್ ಬಿಡುತ್ತಾ ಹೋಗುತ್ತಿತ್ತು, ಎಂಟ್ರೋಪಿಯವರಿಗೆ ಚಳ್ಳೆಹಣ್ಣು ತಿನ್ನಿಸಲಿಕ್ಕೆ. ಅದಕ್ಕೇ ಜತೆಗೊಂದು ಗಾಳದ ಫೈಲ್, ಯಾರು ಮುಟ್ಟಿದರೂ ಅಲಾರಂ ಆಗುವಂಥದ್ದು, ಹೆಸರು ‘000_ದರಪಟ್ಟಿ’. ಅದನ್ನು ಮುಟ್ಟಿದವರಲ್ಲಿ ಮೊದಲಿಗ ಅಣ್ಣ. “ಎಂತದ ಇದು ಕಸ?” ಎಂದು ಡಿಲೀಟ್ ಮಾಡಿದ. ಅಂಗಡಿ ಹತ್ತು ನಿಮಿಷ ಬಂದ್. ಗಿರಾಕಿ ಎದುರೇ ಬೈದ.

ಇನ್ನು ನನ್ನ ನಿದ್ದೆ ಕೆಡಿಸಿದ ಕತೆ. ಅಲಾರಂ ಆದ ತಕ್ಷಣ ಆ ಐಪಿಯನ್ನು ಎನ್‌ಎಫ್‌ಟೇಬಲ್ಸ್‌ನಲ್ಲಿ (ಲಿನಕ್ಸ್‌ನ ಫೈರ್‌ವಾಲ್) ಡ್ರಾಪ್ ಮಾಡಬೇಕು, ಅಂದರೆ ಅಲ್ಲಿಂದ ಬರುವುದನ್ನೆಲ್ಲ ಬಿಸಾಡಬೇಕು. ನಿಯಮ ಬಂದು ಕೂತಿತ್ತು, ಕಣ್ಣಾರೆ ಕಂಡೆ. ಸ್ಕ್ರಿಪ್ಟ್ ಮಾತ್ರ ಏನೂ ಆಗದವರ ಹಾಗೆ ಫೈಲ್ ತಿನ್ನುತ್ತಲೇ ಇತ್ತು. ಒಂದು ಸಂಜೆ ಪೂರ್ತಿ ಕೌಂಟರ್ ನೋಡುತ್ತಾ ಕೂತೆ: ಡ್ರಾಪ್ ಸಾಲಿನ ಲೆಕ್ಕ ಸೊನ್ನೆ. ಕಾರಣ ನಾನೇ ಎಂದೋ ಬರೆದಿಟ್ಟ ಸಾಲು, ‘ಎಸ್ಟಾಬ್ಲಿಶ್ಡ್ ಆದ (ಆಗಲೇ ಏರ್ಪಟ್ಟ) ಸಂಪರ್ಕವನ್ನು ಒಳಗೆ ಬಿಡು’. ಅದು ಮೇಲೆ, ಡ್ರಾಪ್ ಕೆಳಗೆ. ‘ಆ್ಯಡ್’ ಎಂದರೆ ಕೊನೆಗೆ ಸೇರುತ್ತದೆ, ‘ಇನ್ಸರ್ಟ್’ ಎಂದರೆ ತಲೆಗೆ. ಆಗಲೇ ಒಳಗೆ ಬಂದು ಕೂತವನನ್ನು ಕೆಳಗಿನ ಸಾಲು ಕೇಳುವುದೇ ಇಲ್ಲ.

ಇನ್ಸರ್ಟ್ ಹಾಕಿದೆ. ನಿಂತಿತು. ಚಹಾ ಮಾಡಿಕೊಂಡು ಬಂದು ನೋಡಿದರೆ ಮತ್ತೆ ಓಡುತ್ತಿದೆ!

ಸ್ವಲ್ಪ ಹೊತ್ತು ನಿಂತು ಮತ್ತೆ ಶುರು, ಪ್ರತಿ ಸಲವೂ. ಆ ಪಿಸಿಗೆಂದು ಸಾಂಬಾ ಓಡಿಸುವ ಎಸ್‌ಎಂಬಿಡಿ ಪ್ರೊಸೆಸ್ ಕೊಂದೆ. ಅದರಿಂದಲೂ ಪ್ರಯೋಜನವಿಲ್ಲ, ವಿಂಡೋಸ್ ಕೂಡಲೇ ಹೊಸ ಸಂಪರ್ಕ ಮಾಡುತ್ತದೆ, ಸರ್ವರ್ ಅದಕ್ಕೆ ಹೊಸ ಪ್ರೊಸೆಸ್ ಕೊಡುತ್ತದೆ. ಮಂಗನನ್ನು ತೋಟದ ಈಚೆ ಕರೆಯಿಂದ ಓಡಿಸಿದರೆ ಆಚೆ ಕರೆಯಲ್ಲಿ ಬೊಂಡ ಕೀಳುತ್ತಿತ್ತು. ಮೂರನೇ ರಾತ್ರಿ ನನ್ನ ಚೆಂದದ ವರದಿ ಬಿಟ್ಟು ಕಚ್ಚಾ ಲಾಗ್ ಓದಿದೆ. ನಿಂತ ಮೇಲಿನ ಸಾಲುಗಳಲ್ಲಿ ಐಪಿ ಜಾಗದಲ್ಲಿ ‘ಎಫ್‌ಇ80’ ಎಂದು ಶುರುವಾಗುವ ಉದ್ದದ ಬಾಲ. ಐಪಿವಿ6, ಹೊಸ ಬಗೆಯ ಐಪಿ ವಿಳಾಸ! ಡ್ರೈವ್ ಮ್ಯಾಪ್ ಮಾಡಿದ್ದು ಸರ್ವರ್ ಹೆಸರಿನಿಂದ, ಆ ಹೆಸರಿಗೆ ಎರಡು ವಿಳಾಸ. ಒಂದು ಮುಚ್ಚಿದರೆ ವಿಂಡೋಸ್ ಇನ್ನೊಂದನ್ನು ಹಿಡಿಯುತ್ತದೆ. ಲಾಗ್‌ನಿಂದ ವಿಳಾಸ ಹೆಕ್ಕುವ ನನ್ನ ರೆಜೆಕ್ಸ್ (ಹುಡುಕು ಮಾದರಿ) ನಾಲ್ಕು ಅಂಕಿ, ಮೂರು ಚುಕ್ಕೆ ಇಲ್ಲದ ಸಾಲನ್ನೆಲ್ಲ ಕಸ ಎಂದು ಎಸೆಯುತ್ತಿತ್ತು. ಅಣ್ಣನಿಗೂ ನನಗೂ ಕಸದ ವಿಷಯದಲ್ಲಿ ಒಂದೇ ಬುದ್ಧಿ.

ಈಗ ಐಪಿ ಬಿಟ್ಟು ಮ್ಯಾಕ್ ವಿಳಾಸಕ್ಕೆ, ಅಂದರೆ ನೆಟ್‌ವರ್ಕ್ ಕಾರ್ಡಿನದೇ ನಂಬರಿಗೆ, ಡ್ರಾಪ್. ಒಂದೇ ಸ್ವಿಚ್ಚಿನ ಅಂಗಡಿಗೆ ಅಷ್ಟು ಸಾಕು, ನಡುವೆ ರೂಟರ್ ಇದ್ದರೆ ನಡೆಯದು. ಮೊದಲು ನಿಯಮ, ಆಮೇಲೆ ಪ್ರೊಸೆಸ್ ಕೊಲ್ಲುವುದು. ಉಲ್ಟಾ ಮಾಡಿದರೆ ನಡುವಿನ ಸಂದಿನಲ್ಲಿ ನುಸುಳುತ್ತದೆ. ಹಾಳಾದ 31 ಫೈಲ್, ಸರ್ವರ್‌ನ ಫೈಲ್ ವ್ಯವಸ್ಥೆ ಬಿಟಿಆರ್‌ಎಫ್‌ಎಸ್ ಮೊದಲೇ ತೆಗೆದಿಟ್ಟ, ಓದಲು ಮಾತ್ರ ಬರುವ ಸ್ನ್ಯಾಪ್‌ಶಾಟ್‌ನಿಂದ (ಆ ಹೊತ್ತಿನ ಪ್ರತಿ) ವಾಪಸ್ ಬಂದವು.

ಸ್ನ್ಯಾಪ್‌ಶಾಟ್‌ಗಳನ್ನು ನಕಲಿಸಲು ಎರಡನೇ ಡಿಸ್ಕ್ ತರಿಸಿದ್ದೆ. ಸಿಎಂಆರ್ (ಪಟ್ಟಿಗಳನ್ನು ಬೇರೆ ಬೇರೆಯಾಗಿ ಬರೆಯುವ ಡಿಸ್ಕ್) ಎಂದು ಎರಡು ಸಲ ಬರೆದು ಕಳಿಸಿದರೂ ಬಂದದ್ದು ಎಸ್‌ಎಂಆರ್ (ಒಂದರ ಮೇಲೊಂದು ಹೊದಿಸಿ ಬರೆಯುವ, ದೊಡ್ಡ ಬರಹಕ್ಕೆ ನಿಧಾನದ್ದು). ವಾಪಸ್ ತಗೊಳ್ಳಿ ಎಂದರೆ “ಕವರ್ ಒಡೆದಿದೆಯಲ್ಲ ಸಾರ್” ಅಂತೆ. ಕವರ್ ಒಡೆಯದೆ ನಂಬರ್ ಓದಲು ನನಗೇನು ದಿವ್ಯದೃಷ್ಟಿಯೇ? ಆ ಡಿಸ್ಕಿಗೆ ದೊಡ್ಡ ನಕಲು ಶುರು ಮಾಡಿದರೆ ಮಣಿಪಾಲಕ್ಕೆ ನಡೆದು ಹೋಗಿ ಬರಬಹುದು.

   

ಇಷ್ಟು ಬರೆದು ಮುಗಿಸುವಾಗ ನೆನಪಾಯಿತು. ಅಣ್ಣನ ಲ್ಯಾಪ್‌ಟಾಪಿಗೆ ಕೇಬಲ್ಲೂ ಇದೆ, ವೈಫೈಯೂ ಇದೆ. ಮ್ಯಾಕ್ ಎರಡು, ಒಂದನ್ನು ತಡೆದರೆ ಇನ್ನೊಂದರಿಂದ ಬರುತ್ತದೆ. ಯೂಸರ್ ಹೆಸರಿಗೆ ತಡೆ ಹಾಕೋಣ ಎಂದರೆ ಮೂರೂ ಪಿಸಿಗೆ ಒಂದೇ ಲಾಗಿನ್, ‘ಪ್ರೆಸ್’. ಬೇರೆ ಬೇರೆ ಮಾಡೋಣ ಎಂದೆ. “ಪತ್ತನಾಜೆ ಕಳೀಲಿ ಮಾರಾಯ, ಈಗ ಪಾಸ್‌ವರ್ಡ್ ನೆನಪಿಡ್ಲಿಕ್ಕೆ ಪುರುಸೊತ್ತಿಲ್ಲ” ಎಂದ. ಪತ್ತನಾಜೆ ಎಂದರೆ ನಮ್ಮಲ್ಲಿ ನೇಮ, ಯಕ್ಷಗಾನದ ಹಂಗಾಮು ಮುಗಿಯುವ ದಿನ. ಅಲ್ಲಿಯವರೆಗೆ ಅವನ ವೈಫೈ ಆಫ್.