ಅಡಿಕೆ ಲೆಕ್ಕದ ಪ್ರೋಗ್ರಾಂ: ಮಳೆಗಾಲದ ಟಿಪ್ಪಣಿ

ಜೂನ್ 9

ಮೂರು ವರ್ಷದ ಹಿಂದೆ ಬರೆದಿದ್ದ ಅಡಿಕೆ ಲೆಕ್ಕದ ಪ್ರೋಗ್ರಾಂ ಇವತ್ತು ಮತ್ತೆ ತೆರೆದೆ. ಪೆರ್ಲದ ಹತ್ತಿರ ನಮ್ಮ ಮನೆ. ಅಪ್ಪನ ಲೆಕ್ಕ ಈಗಲೂ ಉದ್ದ ಪುಸ್ತಕದಲ್ಲೇ. ಅದನ್ನು ಕಂಪ್ಯೂಟರಿಗೆ ತರಬೇಕೆಂದು ಆಗ ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್‌ನಲ್ಲಿ ಶುರು ಮಾಡಿದ್ದೆ.

ಒಂದೇ ಫಂಕ್ಷನ್ (ಒಂದು ಕೆಲಸಕ್ಕೆಂದು ಹೆಸರಿಟ್ಟ ಕೋಡಿನ ತುಂಡು), 214 ಸಾಲು. ಒಳಗೆ ‘ಎಕ್ಸ್’, ‘ಟೆಂಪ್’, ‘ಡೇಟಾ2’ ಅಂತ ಹೆಸರುಗಳು. ‘ಡೇಟಾ2’ ಏನೆಂದು ಗೊತ್ತಾಗಲು ಅರ್ಧ ಗಂಟೆ ಹಿಡಿಯಿತು. ಪಟೋರ, ಕರಿಗೋಟು ಮುಂತಾದ ಕಳಪೆ ಅಡಿಕೆ ಎಲ್ಲ ಹೆಕ್ಕಿ ತೆಗೆದ ಮೇಲೆ ಉಳಿಯುವ ಒಳ್ಳೆ ಅಡಿಕೆಯ ತೂಕ ಅದು. ಅಪ್ಪ ಅದಕ್ಕೆ ‘ಹೆಕ್ಕಿದ ತೂಕ’ ಅನ್ನುತ್ತಾರೆ. ಅಂಗಳದಲ್ಲಿ ಅದಕ್ಕೊಂದು ಹೆಸರು ಇದ್ದೇ ಇತ್ತು. ನಾನು ಕೇಳಿರಲಿಲ್ಲ, ಅಷ್ಟೆ.

2008ರಲ್ಲಿ ಪೈಥಾನ್ 3 ಬಂದಾಗಿನಿಂದ, ಲೆಕ್ಕದ ಅಂಕಿಗಳನ್ನು ಇಡುವ ವೇರಿಯೇಬಲ್‌ಗಳಿಗೆ ಕನ್ನಡ ಅಕ್ಷರದಲ್ಲೇ ಹೆಸರಿಡಬಹುದು. ಆಫೀಸಿನ ಕೋಡಿನಲ್ಲಿ ನಾನು ಹಾಗೆ ಮಾಡುವುದಿಲ್ಲ. ಅಲ್ಲಿ ಬೇರೆ ಬೇರೆ ಭಾಷೆಯವರು ಓದಬೇಕು. ಈ ಕೋಡನ್ನು ಓದುವವರು ನಾನು ಮತ್ತು ಅಪ್ಪ, ಇಬ್ಬರೇ. ಹಾಗಾಗಿ ‘ಹೆಕ್ಕಿದ_ತೂಕ’ ಎಂದೇ ಬರೆದೆ. ಸಂಜೆಯೊಳಗೆ ಹದಿನೇಳು ಹೆಸರು ಬದಲಾಯಿತು. ಬೇರೇನನ್ನೂ ಮುಟ್ಟಲಿಲ್ಲ.

ಜೂನ್ 14

ಫಂಕ್ಷನ್ ಅನ್ನು ಸಣ್ಣ ತುಂಡಾಗಿ ಒಡೆಯುವ ಮೊದಲು ಟೆಸ್ಟ್ ಬೇಕು, ಅಂದರೆ ಉತ್ತರ ಗೊತ್ತಿರುವ ಲೆಕ್ಕ ಕೊಟ್ಟು ನೋಡುವ ಪರೀಕ್ಷೆ. ಇಲ್ಲದಿದ್ದರೆ ಒಡೆದದ್ದು ಸರಿಯೋ ತಪ್ಪೋ ಹೇಗೆ ಗೊತ್ತಾಗಬೇಕು? ಅಪ್ಪನ ಪುಸ್ತಕದಿಂದಲೇ ಮೂವತ್ತು ಹಳೆಯ ಮಾರಾಟ ಎತ್ತಿಕೊಂಡೆ. ತೂಕ, ದರ, ಸಿಕ್ಕಿದ ಹಣ ಮೂರೂ ಅಲ್ಲಿವೆ.

ಇಪ್ಪತ್ತೊಂಬತ್ತು ಸರಿಯಾದವು, ಒಂದು ಬಿತ್ತು. 48 ಕಿಲೋ 500 ಗ್ರಾಂ, ಕಿಲೋಗೆ 425 ರೂಪಾಯಿ. ಪುಸ್ತಕದಲ್ಲಿ 20,613 ಇದೆ, ಪ್ರೋಗ್ರಾಂ 20,612 ಅನ್ನುತ್ತದೆ. ಗುಣಿಸಿದರೆ ಬರುವುದು 20,612 ರೂಪಾಯಿ 50 ಪೈಸೆ. ಅಪ್ಪ ಐವತ್ತು ಪೈಸೆಯನ್ನು ಯಾವಾಗಲೂ ಮೇಲಕ್ಕೆ ಹಾಕುತ್ತಾರೆ. ಪೈಥಾನ್‌ನ ‘ರೌಂಡ್’ ಹಾಗಲ್ಲ. ಸರಿಯಾಗಿ ಅರ್ಧ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ: ಎರಡೂವರೆ ಎರಡಾಗುತ್ತದೆ, ಮೂರೂವರೆ ನಾಲ್ಕಾಗುತ್ತದೆ. ತುಂಬಾ ಸಂಖ್ಯೆ ಕೂಡಿಸುವಾಗ ಮೊತ್ತ ಒಂದೇ ಕಡೆಗೆ ವಾಲಬಾರದು ಎಂದು ಹಾಗೆ ಇಟ್ಟಿದ್ದಾರೆ. ಅದಕ್ಕೆ ಅದರದೇ ನ್ಯಾಯ ಇದೆ. ಆದರೆ ನಮ್ಮ ಮನೆಯ ಲೆಕ್ಕದ ಕ್ರಮ ಅದಲ್ಲವಲ್ಲ.

ಈಗ ದಶಮಾಂಶವನ್ನೇ ಬಿಟ್ಟೆ. ತೂಕ ಗ್ರಾಂನಲ್ಲಿ, ಹಣ ಪೈಸೆಯಲ್ಲಿ, ಎರಡೂ ಪೂರ್ಣಾಂಕ. ಕೊನೆಗೆ 50 ಪೈಸೆ ಕೂಡಿಸಿ 100ರಿಂದ ಭಾಗಿಸಿ ಶೇಷ ಬಿಟ್ಟರೆ 20,613. ಆ ಸಾಲು ‘ರೂಪಾಯಿಗೆ_ತಿರುಗಿಸು’ ಎಂಬ ಪುಟ್ಟ ಫಂಕ್ಷನ್ ಆಯಿತು. ಮೊದಲು ಇದೇ ಕೆಲಸ ನಾಲ್ಕು ಕಡೆ ನಾಲ್ಕು ರೀತಿಯಲ್ಲಿ ಇತ್ತು.

ಜೂನ್ 23

ಎರಡು ದಿನ ಒಂದೇ ತಪ್ಪಿನ ಹಿಂದೆ. ವರ್ಷದ ಪಟ್ಟಿಯಲ್ಲಿ ‘ಡಬಲ್ ಚೋಲ್’ ಎಂಬ ಅಡಿಕೆಯ ದರ್ಜೆ ಎರಡು ಸಲ ಬರುತ್ತಿತ್ತು, ಬೇರೆ ಬೇರೆ ಮೊತ್ತದೊಂದಿಗೆ. ಎಷ್ಟು ದಿಟ್ಟಿಸಿ ನೋಡಿದರೂ ಎರಡೂ ಒಂದೇ.

ಮೊದಲು ‘ಚೋ’ ಮೇಲೆ ಸಂಶಯ ಬಂತು. ಓಕಾರದ ಗುರುತನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಇಡುವ ಪದ್ಧತಿಯಾದ ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣದು. ಎಲ್ಲವನ್ನೂ ಒಂದೇ ರೂಪಕ್ಕೆ ತಂದೆ. ಆದರೂ ಎರಡು ಸಲ!

ಮತ್ತೆ ‘ಚೋಲ್’ ಶಬ್ದದ ಉದ್ದ ಅಳೆದೆ. ಒಂದು ಕಡೆ ನಾಲ್ಕು ಚಿಹ್ನೆ (ಚ, ಓಕಾರ, ಲ, ಅರ್ಧಾಕ್ಷರದ ಗುರುತು), ಇನ್ನೊಂದು ಕಡೆ ಐದು. ಐದನೆಯದು ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್. ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವುದು ಅದರ ಕೆಲಸ. ಫೋನಿನಲ್ಲಿ ಟೈಪ್ ಮಾಡಿದ ಸಾಲುಗಳಲ್ಲಿ ಪದದ ಕೊನೆಗೆ ಅದು ಸುಮ್ನೆ ಅಂಟಿಕೊಂಡಿತ್ತು. ಪದದ ತುದಿಯ ಖಾಲಿ ಜಾಗ ತೆಗೆಯುವ ‘ಸ್ಟ್ರಿಪ್’ ಹಾಕಿದರೂ ಹೋಗಲಿಲ್ಲ, ಯಾಕೆಂದರೆ ಪೈಥಾನ್ ಅದನ್ನು ಖಾಲಿ ಜಾಗ ಎಂದು ಎಣಿಸುವುದಿಲ್ಲ.

ಸಿಟ್ಟಿನಲ್ಲಿ ಎಲ್ಲ ಕಡೆಯಿಂದಲೂ ಕಿತ್ತೆ. ‘ಪ್ಲಾಸ್ಟಿಕ್‌ಗೋಣಿ’ ಹೋಗಿ ‘ಪ್ಲಾಸ್ಟಿಕ್ಗೋಣಿ’ ಆಯಿತು! ನಡುವೆ ಅದು ಬೇಕು, ಕೊನೆಯಲ್ಲಿ ಬೇಡ. ಈಗ ‘ಹೆಸರು_ಶುಚಿಮಾಡು’ ಎಂಬ ಫಂಕ್ಷನ್ ಇದೆ, ಐದು ಸಾಲು. ಡೇಟಾ ಒಳಗೆ ಬರುವ ಬಾಗಿಲಲ್ಲೇ ನಿಂತು ತನ್ನ ಕೆಲಸ ಮುಗಿಸುತ್ತದೆ. ಅದಕ್ಕೆ ಟೆಸ್ಟ್ ಆರು. ಕೋಡಿಗಿಂತ ಟೆಸ್ಟೇ ಜಾಸ್ತಿ, ಆದರೆ ಇಲ್ಲಿ ಅದು ಬೇಕೇ ಬೇಕು.

ಜುಲೈ 1

214 ಸಾಲಿನ ಫಂಕ್ಷನ್ ಈಗ ಹನ್ನೊಂದು ತುಂಡು. ಅತಿ ಉದ್ದದ್ದು 18 ಸಾಲು. ಮಳೆ ಜೋರಾದರೆ ಇಲ್ಲಿ ಕರೆಂಟ್ ಹೋಗುತ್ತದೆ, ಲ್ಯಾಪ್‌ಟಾಪ್‌ನ ಬ್ಯಾಟರಿಯೂ ಹಳೆಯದು. ಅದಕ್ಕೇ ಒಂದು ತುಂಡು ತೆಗೆದು, ಟೆಸ್ಟ್ ಓಡಿಸಿ, ಕೂಡಲೇ ಕೋಡಿನ ಬದಲಾವಣೆಗಳನ್ನು ಉಳಿಸಿಡುವ ಗಿಟ್‌ಗೆ ಕಮಿಟ್ ಮಾಡುತ್ತಿದ್ದೆ, ಅಂದರೆ ಒಂದು ಸಂದೇಶ ಬರೆದು ಸೇರಿಸುತ್ತಿದ್ದೆ. ಈ ಅಭ್ಯಾಸ ಈಗ ಆಫೀಸಿನ ಕೆಲಸಕ್ಕೂ ಬಂದಿದೆ. ಒಂದು ಕಮಿಟ್ ಸಂದೇಶ ಹೀಗಿದೆ: ‘ಗೋಣಿ ಎಣಿಕೆಯನ್ನು ತೂಕದ ಲೆಕ್ಕದಿಂದ ಬೇರೆ ಮಾಡಿದೆ’. ಮೂರು ವರ್ಷದ ಹಿಂದಿನ ಸಂದೇಶಗಳೆಲ್ಲ ‘ಚೇಂಜಸ್’ ಮಾತ್ರ.

ಜುಲೈ 6

ಅಪ್ಪನನ್ನು ಕೂರಿಸಿ ಟೆಸ್ಟ್‌ಗಳ ಹೆಸರು ಓದಿಸಿದೆ. ಕೋಡ್ ಅಲ್ಲ, ಬರೀ ಹೆಸರು. ‘ಐವತ್ತು_ಪೈಸೆ_ಮೇಲಕ್ಕೆ_ಹೋಗಬೇಕು’ ಕಂಡು ಹೌದು ಎಂದು ತಲೆ ಆಡಿಸಿದರು. ‘ಕರಿಗೋಟು_ಹೆಕ್ಕಿದ_ತೂಕದಲ್ಲಿ_ಸೇರಬಾರದು’ ಎಂಬುದಕ್ಕೂ ಹೌದು. ಪಟ್ಟಿ ಮುಗಿದ ಮೇಲೆ ಕನ್ನಡಕ ತೆಗೆದು ಕೇಳಿದರು: “ಗೋಣಿಯ ತೂಕ ಕಳೆದದ್ದು ಎಲ್ಲಿ?”

ಕಳೆದೇ ಇರಲಿಲ್ಲ. ಪುಸ್ತಕದಲ್ಲಿದ್ದದ್ದು ಅವರೇ ಗೋಣಿ ಕಳೆದು ಬರೆದ ತೂಕ, ಹಾಗಾಗಿ ಮೂವತ್ತು ಟೆಸ್ಟ್‌ನಲ್ಲಿ ಒಂದೂ ಅದನ್ನು ಹಿಡಿಯಲಿಲ್ಲ. ಈ ವರ್ಷ ತಕ್ಕಡಿಯ ಅಂಕಿಯನ್ನು ನಾನು ನೇರವಾಗಿ ತುಂಬಿಸುತ್ತಿದ್ದೇನೆ. ಗೋಣಿಯೂ ಅಡಿಕೆಯ ಲೆಕ್ಕಕ್ಕೇ ಸೇರುತ್ತಿತ್ತು.

ರಾತ್ರಿ ‘ತಕ್ಕಡಿ_ತೂಕದಿಂದ_ಗೋಣಿ_ಕಳೆಯಬೇಕು’ ಎಂಬ ಟೆಸ್ಟ್ ಬರೆದು ಓಡಿಸಿದೆ. ಕೆಂಪು ಬಂದಿದೆ, ಅಂದರೆ ಟೆಸ್ಟ್ ಬಿದ್ದಿದೆ. ನಾಳೆ ಬೆಳಿಗ್ಗೆ ಅಪ್ಪನೂ ನಾನೂ ಸೇರಿ ಹತ್ತು ಖಾಲಿ ಗೋಣಿ ತೂಗುವುದು, ಸೆಣಬಿನದ್ದು ಬೇರೆ, ಪ್ಲಾಸ್ಟಿಕ್‌ನದ್ದು ಬೇರೆ.