ಮುಂಗಾರಿಗೆ ರಸ್ತೆ, ಹಿಂಗಾರಿಗೆ ಕೆಸರು: ಮರಿಯಾನ ವೋಸ್ ಅವರ ನಾಡಿನಿಂದ

ನೆದರ್ಲೆಂಡ್ಸ್‌ನ ಉತ್ತರ ಬ್ರಬಾಂಟ್ ಪ್ರಾಂತ್ಯದ ಡೆನ್ ಬಾಷ್ ಊರಿಗೆ ನಾವು ಬಂದಿಳಿದದ್ದು 2013ರ ಅಕ್ಟೋಬರಿನಲ್ಲಿ. ಬಾಗಲಕೋಟೆ ಕಡೆಯವನಾದ ನನಗೆ ಸೈಕಲ್ ಪಂದ್ಯಗಳು ಹೊಸದೇನಲ್ಲ; ನಮ್ಮ ಜಿಲ್ಲೆಯ ಮತ್ತು ನೆರೆಯ ವಿಜಯಪುರದ ಹುಡುಗ ಹುಡುಗಿಯರು ರಾಷ್ಟ್ರೀಯ ಕೂಟಗಳಿಂದ ಪದಕ ಹೊತ್ತು ಬರುವುದನ್ನು ನೋಡುತ್ತಲೇ ಬೆಳೆದವನು ನಾನು. ಆದರೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ಓಡುವ ಪಂದ್ಯವೊಂದಿದೆ ಎಂಬುದು ತಿಳಿದದ್ದು 2014ರ ಫೆಬ್ರವರಿ 1ರಂದು, ಸಹೋದ್ಯೋಗಿಯೊಬ್ಬರು ನನ್ನನ್ನು ಹೋಗರ್‌ಹೈಡೆ ಎಂಬ ಹಳ್ಳಿಗೆ ಕರೆದೊಯ್ದಾಗ. ಅಂದು ಅಲ್ಲಿ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್‌ಷಿಪ್ಪಿನ ಮಹಿಳೆಯರ ಸ್ಪರ್ಧೆಯಿತ್ತು.

ಹಗ್ಗ ಕಟ್ಟಿದ ಹುಲ್ಲುಗಾವಲಿನ ಅಂಚಿನಲ್ಲಿ, ಹದ ಮೀರಿ ಮಳೆಯಾದ ಎರೆಹೊಲದಂತೆ ಬೂಟು ಹಿಡಿದೆಳೆಯುವ ಮಣ್ಣಿನಲ್ಲಿ ನಿಂತಿದ್ದೆ. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಡಚ್ ಸೈಕಲ್ ಪಟು ಮರಿಯಾನ ವೋಸ್, ಸೈಕಲ್ ಇನ್ನೂ ಉರುಳುತ್ತಿರುವಾಗಲೇ ಬಲಗಾಲನ್ನು ಹಿಂದಿನಿಂದ ಎತ್ತಿ ಎಡಕ್ಕೆ ತಂದು, ನೆಲಕ್ಕೆ ಕಾಲೂರಿದ ಅದೇ ಗಳಿಗೆಯಲ್ಲಿ ಚೌಕಟ್ಟನ್ನು ಹೆಗಲಿಗೇರಿಸಿ ದಿಬ್ಬ ಹತ್ತಿದರು. ಮೇಲೆ ಮುಟ್ಟಿದೊಡನೆ ತೊಡೆಯ ಒಳಬದಿ ಸೀಟಿಗೆ ತಾಗುವಂತೆ ಹಾರಿ ಕುಳಿತು ಮುಂದೆ ಸಾಗಿದರು. ಸೈಕಲ್ ಬದಲಿಸುವ ಜಾಗದಲ್ಲಿ ಮೆಕ್ಯಾನಿಕ್‌ಗಳು ಕೆಸರು ಮೆತ್ತಿದ ಸೈಕಲ್ಲನ್ನು ನೀರಿನ ಜೋರು ಧಾರೆಯಲ್ಲಿ ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಅವರು ಮತ್ತೆ ಬರುವಷ್ಟರಲ್ಲಿ ಸಿದ್ಧ ಮಾಡಿಡುತ್ತಿದ್ದರು. ಇಟಲಿಯ ಎವಾ ಲೆಖ್ನರ್ ಅವರನ್ನು ಬಹಳ ಹಿಂದೆ ಬಿಟ್ಟು ವೋಸ್ ಗೆದ್ದರು. ಅದು ಅವರ ಏಳನೆಯ ಸೈಕ್ಲೋಕ್ರಾಸ್ ವಿಶ್ವ ಪ್ರಶಸ್ತಿ, ಸತತವಾಗಿ ಆರನೆಯದು. ಇದೇ ಹೆಂಗಸು ರಸ್ತೆ ಸ್ಪರ್ಧೆಯ ವಿಶ್ವ ಚಾಂಪಿಯನ್ ಕೂಡ ಎಂದು ಸಹೋದ್ಯೋಗಿ ಹೇಳಿದಾಗ ನಾನು ನಂಬದೆ ಎರಡು ಸಲ ಕೇಳಿದ್ದೆ.

ವೋಸ್ ಹುಟ್ಟಿದ್ದು 1987ರ ಮೇ 13ರಂದು, ನಾವಿರುವ ಡೆನ್ ಬಾಷ್‌ನಲ್ಲೇ. ಬೆಳೆದದ್ದು ಇಲ್ಲಿಂದ ಸೈಕಲ್ ತುಳಿದೇ ಹೋಗಿ ಬರಬಹುದಾದ ಮೇವೆನ್ ಹಳ್ಳಿಯಲ್ಲಿ. 2006ರ ಜನವರಿಯಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಸೈಕ್ಲೋಕ್ರಾಸ್ ವಿಶ್ವ ಪ್ರಶಸ್ತಿ ಗೆದ್ದರು. ಅದೇ ವರ್ಷ ಸಾಲ್ಜ್‌ಬರ್ಗಿನಲ್ಲಿ ರಸ್ತೆ ಸ್ಪರ್ಧೆಯ ಪ್ರಶಸ್ತಿಯನ್ನೂ ಗೆದ್ದರು. 2008ರಲ್ಲಿ ಮ್ಯಾಂಚೆಸ್ಟರಿನ ವೆಲೊಡ್ರೋಮಿನಲ್ಲಿ ಪಾಯಿಂಟ್ಸ್ ರೇಸಿನ ವಿಶ್ವ ಪ್ರಶಸ್ತಿ, ಅದರ ಹಿಂದೆಯೇ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅದೇ ಸ್ಪರ್ಧೆಯ ಚಿನ್ನ. ಪಾಯಿಂಟ್ಸ್ ರೇಸ್ ಎಂದರೆ 250 ಮೀಟರಿನ ಓರೆ ಪಥದಲ್ಲಿ ಬ್ರೇಕೂ ಇಲ್ಲದ, ಪೆಡಲ್ ನಿಲ್ಲಿಸಲೂ ಆಗದ ಸೈಕಲ್ಲಿನಲ್ಲಿ ನೂರು ಸುತ್ತು. ಹತ್ತು ಸುತ್ತಿಗೊಮ್ಮೆ ಮೊದಲ ನಾಲ್ವರಿಗೆ 5, 3, 2, 1 ಅಂಕ. ಇಡೀ ಗುಂಪಿಗಿಂತ ಒಂದು ಸುತ್ತು ಮುಂದೆ ಹೋದವರಿಗೆ 20 ಅಂಕ. ಉಸಿರು ಕಟ್ಟಿರುವಾಗಲೂ ಯಾರ ಬಳಿ ಎಷ್ಟು ಅಂಕವಿದೆ ಎಂಬ ಲೆಕ್ಕ ತಪ್ಪಬಾರದು.

ಒಬ್ಬರೇ ಇಷ್ಟು ಬಗೆಯ ಪಂದ್ಯಗಳಲ್ಲಿ ಗೆಲ್ಲುವುದು ಹೇಗೆ ಎಂದು ಊರಿನಿಂದ ಫೋನ್ ಮಾಡಿದಾಗ ಅಪ್ಪ ಕೇಳಿದ್ದರು. ಒಕ್ಕಲುತನದ ಮನೆಯವರಿಗೆ ಇದನ್ನು ತಿಳಿಸುವುದು ಸುಲಭ. ಮುಂಗಾರಿಗೆ ಹೆಸರು ಬಿತ್ತಿದ ಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ ಚೆನ್ನಾಗಿ ಬರುತ್ತದೆ, ಏಕೆಂದರೆ ಹೆಸರು ತನ್ನ ಫಲವನ್ನು ಕೊಡುವುದಲ್ಲದೆ ಮಣ್ಣಿಗೂ ಕಸುವು ಬಿಟ್ಟು ಹೋಗಿರುತ್ತದೆ. ವೋಸ್ ಅವರಿಗೆ ವಸಂತದಿಂದ ಶರತ್ಕಾಲದವರೆಗೆ ರಸ್ತೆಯ ಹಂಗಾಮು, ಚಳಿಗಾಲಕ್ಕೆ ಸೈಕ್ಲೋಕ್ರಾಸ್. ಕೆಸರಿನ ಮುಕ್ಕಾಲು ಗಂಟೆಯಲ್ಲಿ ಪ್ರತಿ ತಿರುವಿನಿಂದಲೂ ಮೈಯ ಶಕ್ತಿಯನ್ನೆಲ್ಲ ಹಾಕಿ ವೇಗ ಹಿಡಿಯಬೇಕು. ಅಗಲ 33 ಮಿಲಿಮೀಟರ್ ಮೀರಬಾರದ ಟಯರು ಜಾರುವುದನ್ನು ಸೊಂಟದಿಂದಲೇ ಅರಿತು ಸರಿದೂಗಿಸಬೇಕು. ಆ ಕಲಿಕೆಯೇ ಬೇಸಿಗೆಯಲ್ಲಿ ಒದ್ದೆ ರಸ್ತೆಯ ಮೇಲೆ ಕೈಹಿಡಿಯುತ್ತದೆ. 2012ರ ಲಂಡನ್ ಒಲಿಂಪಿಕ್ಸಿನ ರಸ್ತೆ ಸ್ಪರ್ಧೆಯಲ್ಲಿ, ಸುರಿಯುವ ಮಳೆಯಲ್ಲಿ ಬ್ರಿಟನ್ನಿನ ಲಿಜ್ಜಿ ಆರ್ಮಿಟ್‌ಸ್ಟೆಡ್ ಅವರನ್ನು ಕೊನೆಯ ಓಟದಲ್ಲಿ ಹಿಂದಿಕ್ಕಿದಾಗ ಚಳಿಗಾಲದ ಆ ಬೆಳೆ ಕಣ್ಣಿಗೆ ಕಂಡಿತೆಂದೇ ನನ್ನ ಎಣಿಕೆ.

ಆ ಚಿನ್ನಕ್ಕೆ ಮುಂಚಿನ ಐದು ವರ್ಷಗಳು ನನಗೆ ಇನ್ನೂ ದೊಡ್ಡವಾಗಿ ಕಾಣುತ್ತವೆ. 2007ರ ಸ್ಟುಟ್‌ಗಾರ್ಟಿನಿಂದ 2011ರ ಕೋಪನ್‌ಹೇಗನ್ನಿನವರೆಗೆ ರಸ್ತೆ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅವರು ಪ್ರತಿ ವರ್ಷವೂ ಎರಡನೆಯವರಾದರು, ಒಂದೂ ಬಿಡದೆ ಐದು ಸಲ. ಅದೇ ಅವಧಿಯ ಚಳಿಗಾಲಗಳಲ್ಲಿ ಸೈಕ್ಲೋಕ್ರಾಸ್‌ನ ವಿಶ್ವ ಪ್ರಶಸ್ತಿಗಳು ಒಂದರ ಮೇಲೊಂದು ಅವರ ಕೈಸೇರುತ್ತಿದ್ದವು. ಒಂದು ಬೆಳೆ ಕೈಕೊಟ್ಟ ವರ್ಷ ಇನ್ನೊಂದು ಬೆಳೆ ಮನೆಯನ್ನು ನಡೆಸಿದಂತೆ, ಕೆಸರಿನ ಗೆಲುವುಗಳೇ ಅವರನ್ನು ಮತ್ತೆ ಮತ್ತೆ ರಸ್ತೆಗೆ ಕಳುಹಿಸಿರಬೇಕು. 2012ರಲ್ಲಿ ಡಚ್ಚರದೇ ನೆಲವಾದ ಫಾಲ್ಕೆನ್‌ಬರ್ಗಿನಲ್ಲಿ, ಮರುವರ್ಷ ಫ್ಲಾರೆನ್ಸಿನಲ್ಲಿ, ರಸ್ತೆಯ ವಿಶ್ವ ಪ್ರಶಸ್ತಿ ಮತ್ತೆ ಅವರದಾಯಿತು.

ಆದರೆ ಬೀಳು ಬಿಡದೆ ಬಿತ್ತುತ್ತ ಹೋದರೆ ಎಂಥ ಎರೆಭೂಮಿಯೂ ಸೋಲುತ್ತದೆ. ಮೌಂಟನ್ ಬೈಕ್ ಪಂದ್ಯಗಳನ್ನೂ ಸೇರಿಸಿಕೊಂಡಿದ್ದ ವೋಸ್ ಅವರಿಗೆ 2015ರಲ್ಲಿ ತೊಡೆಯ ಹಿಂಬದಿಯ ಸ್ನಾಯುವಿನ ಗಾಯವಾಯಿತು. ಅತಿಯಾದ ತಾಲೀಮಿನ ದಣಿವು ಅದಕ್ಕೆ ಜೊತೆಯಾಗಿ ಆ ಹಂಗಾಮಿನ ಬಹುಭಾಗ ಕಳೆದುಹೋಯಿತು. ವಿಶ್ರಾಂತಿಯೂ ಕೆಲಸದ ಒಂದು ಭಾಗವೆಂದು ನಮ್ಮ ಕಡೆಯ ತರಬೇತಿದಾರರು ಹುಡುಗಿಯರಿಗೆ ಹೇಳುವಾಗ ಈ ಒಂದು ವರ್ಷದ ಕಥೆಯನ್ನು ತಪ್ಪದೆ ಹೇಳಬೇಕೆಂದು ನನಗನಿಸುತ್ತದೆ.

ಗೆಲುವಿನ ಲೆಕ್ಕದಲ್ಲಿ ಸೇರದ ಕೆಲಸವೊಂದನ್ನೂ ಅವರು ಮಾಡಿದ್ದಾರೆ. 2013ರಲ್ಲಿ ಕ್ರೀಡಾಪಟುಗಳಾದ ಎಮ್ಮಾ ಪೂಲಿ, ಕ್ಯಾಥರಿನ್ ಬರ್ಟೀನ್, ಕ್ರಿಸ್ಸಿ ವೆಲ್ಲಿಂಗ್ಟನ್ ಅವರೊಡನೆ ಸೇರಿ, ಫ್ರಾನ್ಸಿನ ಹಲವು ದಿನಗಳ ಹೆಸರಾಂತ ರಸ್ತೆ ಸ್ಪರ್ಧೆಯಾದ ಟೂರ್ ಡಿ ಫ್ರಾನ್ಸ್‌ನಲ್ಲಿ ಮಹಿಳೆಯರಿಗೂ ಸ್ಥಾನ ಬೇಕೆಂದು ಬಹಿರಂಗವಾಗಿ ಒತ್ತಾಯಿಸಿದರು. 2014ರಲ್ಲಿ ಪ್ಯಾರಿಸಿನ ಶಾಂಜ್ ಎಲಿಜೆ ಮೇಲೆ ಒಂದು ದಿನದ ಸ್ಪರ್ಧೆ ಸಿಕ್ಕಿತು. ಅದನ್ನು ಗೆದ್ದವರೂ ಅವರೇ. 2022ರಲ್ಲಿ ಎಂಟು ಹಂತಗಳ ಮಹಿಳೆಯರ ಟೂರ್ ಆರಂಭವಾದಾಗ, ಕೇಳಿ ಪಡೆದ ಆ ಹಾದಿಯಲ್ಲಿ, ಒಟ್ಟು ಸಮಯದಲ್ಲಿ ಮುಂದಿರುವವರಿಗೆ ಸಿಗುವ ಹಳದಿ ಅಂಗಿ ತೊಟ್ಟು ಸಾಗಿದ ಮೂವತ್ತೈದರ ವೋಸ್ ಅವರನ್ನು ಟಿವಿಯಲ್ಲಿ ಕಂಡು ನಾನೂ ನನ್ನ ಹೆಂಡತಿಯೂ ಎದ್ದು ನಿಂತಿದ್ದೆವು. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಫೇಯೆಟ್‌ವಿಲ್‌ನಲ್ಲಿ, ಹೋಗರ್‌ಹೈಡೆಯ ಎಂಟು ವರ್ಷಗಳ ನಂತರ, ಎಂಟನೆಯ ಸೈಕ್ಲೋಕ್ರಾಸ್ ಪ್ರಶಸ್ತಿ ಬಂದಿತ್ತು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ಬೆಳ್ಳಿಯ ಬೆನ್ನಿಗೇ ಬೆಲ್ಜಿಯಂನ ಲುವೆನ್‌ನಲ್ಲಿ ಲೊಟ್ಟೆ ಕೊಪೆಕಿ ಅವರನ್ನು ಸೋಲಿಸಿ, ಜಲ್ಲಿಹಾದಿಯ ಗ್ರಾವೆಲ್ ಸ್ಪರ್ಧೆಯ ವಿಶ್ವ ಚಾಂಪಿಯನ್ ಆದರು.

2025ರ ಜುಲೈ 26ರಂದು, ಟೂರ್‌ನ ಮೊದಲ ದಿನ, ಫ್ರಾನ್ಸಿನ ಬ್ರಿಟನಿ ಪ್ರದೇಶದ ಪ್ಲೂಮೆಲೆಕ್ ದಿಬ್ಬದ ಕೊನೆಯ ಏರನ್ನು ಮನೆಯವರೆಲ್ಲ ಕೂತು ನೋಡಿದೆವು. ವೋಸ್ ಅವರ ತಂಡದವರೇ ಆದ ಪೋಲೀನ್ ಫೆರಾನ್-ಪ್ರೆವೊ ಮುಂದಕ್ಕೆ ನುಗ್ಗಿದರು. ಕೊನೆಯ ಕೆಲವು ಮೀಟರುಗಳಲ್ಲಿ ಮೂವತ್ತೆಂಟರ ವೋಸ್, ಫೆರಾನ್-ಪ್ರೆವೊ ಅವರನ್ನು ದಾಟಿ ಗೆದ್ದರು. ಎರಡನೆಯವರಾದ ಮಾರಿಷಸ್‌ನ ಕಿಂ ಲೆ ಕೋರ್ ಮೌಂಟನ್ ಬೈಕಿನಿಂದ ರಸ್ತೆಗೆ ಬಂದವರು. ಮೂರನೆಯವರಾದ ಫೆರಾನ್-ಪ್ರೆವೊ ಹಿಂದೊಮ್ಮೆ ರಸ್ತೆ, ಸೈಕ್ಲೋಕ್ರಾಸ್, ಮೌಂಟನ್ ಬೈಕ್ ಮೂರರ ವಿಶ್ವ ಪ್ರಶಸ್ತಿಗಳನ್ನೂ ಒಟ್ಟಿಗೆ ಹೊಂದಿದ್ದವರು, ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮೌಂಟನ್ ಬೈಕಿನ ಚಿನ್ನ ಗೆದ್ದವರು. ಒಂಬತ್ತು ದಿನಗಳ ಆ ಟೂರ್ ಮುಗಿದಾಗ ಹಳದಿ ಅಂಗಿ ಫೆರಾನ್-ಪ್ರೆವೊ ಅವರದಾಗಿತ್ತು.