ಡಿಜಿಟಲ್ ಲೈಬ್ರರಿ ತೆರೆದ್ರೆ ಮೊದಲು ಪುಸ್ತಕದ ಇಸವಿ ನೋಡಿ

ಸತ್ಯವೇದ ಅಧ್ಯಯನ ಹೊಸದಾಗಿ ಶುರು ಮಾಡಿರೋರು ನನ್ನ ಹತ್ರ ಪದೇಪದೇ ಕೇಳೋದು ಒಂದೇ, ಲೋಗೋಸ್ ಅನ್ನೋ ಸತ್ಯವೇದ ಅಧ್ಯಯನದ ಸಾಫ್ಟ್‌ವೇರ್ ಹಾಕ್ಕೊಂಡಿದೀನಿ, ಒಳಗೆ ಪುಸ್ತಕಗಳ ರಾಶಿನೇ ಇದೆ, ಯಾವುದು ಓದ್ಲಿ ಅಂತ. ಹೆಚ್ಚಿನವರು ಒಂದು ವಚನ ಸರ್ಚ್ ಮಾಡಿ ಮೇಲೆ ಬಂದಿದ್ದನ್ನ ಓದಿ ಮುಗಿಸಿಬಿಡ್ತಾರೆ. ಆದ್ರೆ ಪುಸ್ತಕ ನಿಮ್ಮ ಪ್ಯಾಕೇಜಲ್ಲಿದೆ ಅಂದ ಮಾತ್ರಕ್ಕೆ ಅದೇ ಸರಿಯಾದ ಪುಸ್ತಕ ಅಂತ ಆಗಲ್ಲ. ಫ್ರೀಯಾಗಿ ಸಿಗೋ ಲೈಬ್ರರಿಗಳಲ್ಲಂತೂ ಕಾಪಿರೈಟ್ ಮುಗಿದಿರೋವೇ ಜಾಸ್ತಿ, ಅಂದ್ರೆ ಬಹುಪಾಲು ನೂರು ವರ್ಷಕ್ಕಿಂತ ಹಳೇವು, ಸ್ಕ್ರೀನ್ ಮೇಲೆ ಎಲ್ಲಾ ಒಂದೇ ಫಾಂಟಲ್ಲಿ ಹೊಸದಾಗೇ ಕಾಣೋದ್ರಿಂದ ಅದು ಗೊತ್ತೇ ಆಗಲ್ಲ.

ನನಗೂ ಗೊತ್ತಾಗಿರಲಿಲ್ಲ. ತುಂಬಾ ದಿನ ಗ್ರೀಕ್ ಪದಕ್ಕೆಲ್ಲ ಥೇಯರ್ ನಿಘಂಟನ್ನೇ ನಂಬ್ಕೊಂಡಿದ್ದೆ. ಒಳ್ಳೇ ಕೆಲಸನೇ ಅದು, ಆದ್ರೆ 1880ರ ದಶಕದ್ದು. ಗ್ರೆನ್‌ಫೆಲ್ ಮತ್ತು ಹಂಟ್ ಅನ್ನೋ ಇಂಗ್ಲಿಷ್ ವಿದ್ವಾಂಸರು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಹಳೇ ತಿಪ್ಪೆಗುಂಡಿ ಅಗೆಯೋಕೆ ಶುರು ಮಾಡಿದ್ದು 1896ರಲ್ಲಿ. ಅಲ್ಲೂ ಈಜಿಪ್ಟಿನ ಬೇರೆ ಕಡೆಗಳಲ್ಲೂ ಸಿಕ್ಕಿದ ಕಾಗದ ಪತ್ರ, ಲೆಕ್ಕ, ರಸೀದಿ ಇಂಥವುಗಳಿಂದಾನೇ ಹೊಸ ಒಡಂಬಡಿಕೆಯ ಗ್ರೀಕ್ ಏನೋ ವಿಶೇಷ ಪವಿತ್ರ ಭಾಷೆ ಅಲ್ಲ, ಜನ ದಿನಾ ಆಡ್ತಿದ್ದ ಮಾತು ಅಂತ ಗಟ್ಟಿಯಾಗಿದ್ದು, ಡೈಸ್‌ಮನ್ ಅನ್ನೋ ಜರ್ಮನ್ ವಿದ್ವಾಂಸರು ಇದನ್ನ ತೋರಿಸಿಕೊಟ್ರು. ಮತ್ತಾಯ 6:2ರಲ್ಲಿ ಕಪಟಿಗಳಿಗೆ ಅವರ ಫಲ ಸಿಕ್ಕಾಯ್ತು ಅಂತ ಯೇಸು ಹೇಳ್ತಾನಲ್ಲ, ಅಲ್ಲಿರೋ ಅಪೆಖೋ ಅನ್ನೋ ಕ್ರಿಯಾಪದನೇ ಆ ಕಾಲದ ರಸೀದಿಗಳಲ್ಲೂ ಬರುತ್ತೆ, ಪೂರ್ತಿ ಸಂದಾಯ ಆಯ್ತು ಅನ್ನೋ ಅರ್ಥದಲ್ಲಿ. ಅಂದ್ರೆ ಅವರ ಲೆಕ್ಕ ಚುಕ್ತಾ, ದೇವರಿಂದ ಇನ್ನೇನೂ ಬರೋ ಬಾಕಿ ಇಲ್ಲ. ಇದನ್ನ ಓದಿದ ದಿನ ನಾನು ಸುಮಾರು ಹೊತ್ತು ಹಾಗೇ ಕೂತಿದ್ದೆ. ಅದಕ್ಕೇ ದುಡ್ಡು ಹಾಕೋದಾದ್ರೆ ಮೊದಲು ಹೊಸ ನಿಘಂಟಿಗೆ ಹಾಕಿ ಅಂತೀನಿ, ಬಾವರ್ ನಿಘಂಟಿನ 2000ದ ಇಂಗ್ಲಿಷ್ ಆವೃತ್ತಿ ತರದ್ದು. ಯೆಶಾಯನ ಮೇಲಿನ ವ್ಯಾಖ್ಯಾನಕ್ಕೂ ಇದೇ ಮಾತು, ಯೆಶಾಯನ ಪುಸ್ತಕದ ಹಳೇ ಪ್ರತಿ ಇದ್ದ ಮೃತ ಸಮುದ್ರದ ಸುರುಳಿಗಳು ಸಿಗೋಕೆ ಶುರುವಾಗಿದ್ದೇ 1947ರ ಹೊತ್ತಿಗೆ, ಅದಕ್ಕೂ ಮುಂಚೆ ಬರೆದೋರಿಗೆ ಅದನ್ನ ನೋಡೋ ಭಾಗ್ಯನೇ ಇರಲಿಲ್ಲ.

ಹಾಗಂತ ಹಳೇದೆಲ್ಲ ಬಿಡಿ ಅಂತ ಖಂಡಿತ ಅಲ್ಲ. ಸಭಾಪಿತೃಗಳನ್ನ, ಅಂದ್ರೆ ಸಭೆಯ ಮೊದಲ ಶತಮಾನಗಳ ಬರಹಗಾರರನ್ನ, ಓದೋಕೆ ಫ್ರೀ ಲೈಬ್ರರಿಗಿಂತ ಒಳ್ಳೇ ಜಾಗ ಇಲ್ಲ, 1885ರಿಂದ 1900ರೊಳಗೆ ಬಂದ 38 ಸಂಪುಟಗಳ ಇಂಗ್ಲಿಷ್ ಅನುವಾದ ಪೂರ್ತಿ ಕ್ರಿಶ್ಚಿಯನ್ ಕ್ಲಾಸಿಕ್ಸ್ ಇಥೀರಿಯಲ್ ಲೈಬ್ರರಿ ಅನ್ನೋ ವೆಬ್‌ಸೈಟಲ್ಲಿದೆ. ಅಷ್ಟು ನೋಡಿ ಗಾಬರಿ ಆಗ್ಬೇಡಿ, 4ನೇ ಶತಮಾನದ ಬಿಷಪ್ ಅಥನಾಸಿಯಸ್, ವಾಕ್ಯವು ಅಂದ್ರೆ ಕ್ರಿಸ್ತನು ಮನುಷ್ಯನಾದದ್ದರ ಬಗ್ಗೆ ಬರೆದಿರೋ ಚಿಕ್ಕ ಪುಸ್ತಕದಿಂದ ಶುರು ಮಾಡಿ, 57 ಪುಟ್ಟಪುಟ್ಟ ಅಧ್ಯಾಯ, ದಿನಕ್ಕೆರಡು ಓದಿದ್ರೂ ಒಂದು ತಿಂಗಳು.

ಇನ್ನೊಂದು, ಬರೆದೋರು ಯಾರು ಅಂತಾನೂ ನೋಡ್ಕೊಳ್ಳಿ. ಮ್ಯಾಥ್ಯೂ ಹೆನ್ರಿ ವ್ಯಾಖ್ಯಾನ ಬಹಳಷ್ಟು ಸತ್ಯವೇದ ಆಪ್‌ಗಳಲ್ಲಿದೆ, ಆದ್ರೆ ಅವರು 1714ರಲ್ಲಿ ತೀರಿಕೊಂಡಾಗ ಅಪೊಸ್ತಲರ ಕೃತ್ಯಗಳವರೆಗೆ ಮಾತ್ರ ಬರೆದಿದ್ರು, ರೋಮಾಪುರದವರಿಗೆ ಬರೆದ ಪತ್ರಿಕೆಯಿಂದ ಮುಂದಕ್ಕೆ ಬೇರೆ ಬೇರೆ ಸಭಾಪಾಲಕರು ಸೇರಿ ಮುಗಿಸಿದ್ದು. ರೋಮಾಪುರದ ಪತ್ರಿಕೆ ಬಗ್ಗೆ ಹೆನ್ರಿ ಹೀಗಂದ್ರು ಅಂತ ಪ್ರಸಂಗದಲ್ಲಿ ಹೇಳೋ ಮುಂಚೆ ಇದು ನೆನಪಿರಲಿ.

ಕೊನೇದಾಗಿ ನನಗೆ ಎಲ್ಲಕ್ಕಿಂತ ಇಷ್ಟ ಆಗೋದು. 4ನೇ ಶತಮಾನದ ಸಿನಾಯ್ ಹಸ್ತಪ್ರತಿ, ಅಂದ್ರೆ ಗ್ರೀಕ್ ಸತ್ಯವೇದದ ಹಳೇ ಕೈಬರಹದ ಪ್ರತಿ, ಅದರ ಪುಟಗಳ ಫೋಟೋ 2009ರಿಂದ ಆನ್‌ಲೈನಲ್ಲಿ ಯಾರು ಬೇಕಾದ್ರೂ ನೋಡ್ಬಹುದು, ಫ್ರೀ. ಗ್ರೀಕ್ ಬರದಿದ್ರೂ ಪರವಾಗಿಲ್ಲ, ಮಾರ್ಕನ ಸುವಾರ್ತೆಯ ಕೊನೇ ಪುಟ ತೆಗೀರಿ, 16:8ಕ್ಕೆ ಬರಹ ನಿಂತೋಗುತ್ತೆ, ನಮ್ಮ ಸತ್ಯವೇದದಲ್ಲಿರೋ 9ರಿಂದ 20ರವರೆಗಿನ ವಚನಗಳು ಅಲ್ಲಿಲ್ಲ, ಕೆಳಗೆ ಆ ಕಾಲಮ್ ಖಾಲಿ. ಆ ಖಾಲಿ ಜಾಗ ನೋಡಾದ್ಮೇಲೆ ಆ ವಚನಗಳ ಬಗ್ಗೆ ಇರೋ ವ್ಯಾಖ್ಯಾನ ತೆಗೆದು ಓದಿ.